ಅಕ್ಕನ ಹೊಲದಲ್ಲಿ ಸರ್ಕಾರದ ಮರ

ಹೊಳೆಯ ಆಚೆ

ಪರದೇಶಕ್ಕೆ ಹೋಗಿ ಬಂದೆ ಎಂದರೆ ರಾಣೆಬೆನ್ನೂರಿನ ನನ್ನ ಗೆಳೆಯರು ನಗುತ್ತಾರೆ. ಹಡಗು ಹತ್ತಲಿಲ್ಲ, ಸಮುದ್ರ ಕಾಣಲಿಲ್ಲ, ಕಟ್ಟಿಕೊಂಡು ಹೋದ ಬುತ್ತಿ ಹಳಸುವ ಮೊದಲೇ ಊರು ಮುಟ್ಟಿದೆ, ಇದ್ಯಾವ ಪರದೇಶ ಎಂದು ಕೇಳುತ್ತಾರೆ. ಅವರು ಒಮ್ಮೆ ಹರಿಹರದ ಸೇತುವೆ ದಾಟಿ ನೋಡಲಿ. ರೈಲು ಹೊಳೆಯ ಮೇಲೆ ಗಡಗಡ ಎನ್ನುವಷ್ಟರಲ್ಲಿ ಅರಸೊತ್ತಿಗೆಯೇ ಬದಲಾಗುತ್ತದೆ. ಈಚೆ ದಂಡೆಗೆ ಇಂಗ್ಲಿಷರ ಸರ್ಕಾರ, ಆಚೆ ದಂಡೆಗೆ ಮೈಸೂರು ಮಹಾರಾಜರು. ತಾಲ್ಲೂಕಿನ ಅಧಿಕಾರಿ ಈಚೆ ಮಾಮಲೇದಾರ, ಆಚೆ ಅಮಲ್ದಾರ. ಇಲ್ಲಿ ನಾನು ಮಾಸ್ತರ, ಅಲ್ಲಿ ಮೇಷ್ಟ್ರು. ಕುಡಿಯುವ ನೀರು ಒಂದೇ, ಆಡುವ ಮಾತೂ ಬಹುಮಟ್ಟಿಗೆ ಒಂದೇ. ಸರ್ಕಾರ ತನ್ನ ಬೊಕ್ಕಸ ತುಂಬಿಸಿಕೊಳ್ಳುವ ದಾರಿ ಮಾತ್ರ ಬೇರೆ. ನಮಗೆ ಉಪ್ಪಿನ ತೆರಿಗೆ ಎಂದರೆ ಸಿಟ್ಟು. ಅವರಿಗೆ ಅದೂ ತಪ್ಪಿಲ್ಲ, ಜೊತೆಗೆ ಗಂಧದ ಮರದ ಭಯ ಬೇರೆ. ಮೈಸೂರು ಸೀಮೆಯಲ್ಲಿ ಗಂಧದ ಮರ ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ ಸ್ವತ್ತು. ಬೀಜ ಉದುರಿಸಿದ್ದು ಹಕ್ಕಿ, ನೀರು ಕೊಟ್ಟದ್ದು ಮಳೆ, ನೆಲ ರೈತನದು, ಮರ ಮಹಾರಾಜರದು.

ನಾನು ಹೋದದ್ದು ಅಂಥ ಒಂದು ಮರಕ್ಕಾಗಿ. ನನ್ನ ಅಕ್ಕ ಗಂಗವ್ವನನ್ನು ಅಜ್ಜಂಪುರಕ್ಕೆ ಕೊಟ್ಟಿದ್ದೇವೆ. ಮೊದಲ ಪ್ಲೇಗು ಬಂದ ವರ್ಷ ಊರೆಲ್ಲ ಖಾಲಿಯಾಗಿ ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದಾಗ ಅವಳ ಒಬ್ಬಳೇ ಮಗಳು ನೀಲಿ ಗುಡಿಸಲಲ್ಲೇ ತೀರಿಕೊಂಡಳು. ಇನ್ನೂ ತೊದಲು ಮಾತಿನ ಕೂಸು. ರುದ್ರಭೂಮಿಯ ತನಕ ಹೊರುವ ಜನರಿಲ್ಲದೆ ಹೊಲದ ಮೂಲೆಯಲ್ಲೇ ಮಣ್ಣು ಮಾಡಿದರು. ಸ್ವಲ್ಪ ಕಾಲದ ಮೇಲೆ ಆ ದಿಬ್ಬದ ಮೇಲೆ ಗಂಧದ ಸಸಿಯೊಂದು ಎದ್ದಿತು. ಈಗ ಸರ್ಕಾರದವರು ಅದನ್ನು ಬೇರುಸಹಿತ ಕೀಳುತ್ತಾರಂತೆ. ಎತ್ತಿನ ವ್ಯಾಪಾರಿಯೊಬ್ಬನ ಬಾಯಲ್ಲಿ ಅಕ್ಕ ಹೇಳಿ ಕಳಿಸಿದ್ದಳು: ತಮ್ಮ ಸಾಲಿ ಕಲಿತಾವ, ಸಾಹೇಬರ ಕೂಡ ಮಾತಾಡೂದು ಅವಗ ಗೊತ್ತು, ಒಮ್ಮೆ ಬಂದು ಹೋಗಲಿ. ಬೇಸಿಗೆಯ ರಜೆ ಬಿದ್ದಿತ್ತು. ಹೊರಟೆ.

ದಾವಣಗೆರೆ ದಾಟಿದ ಮೇಲೆ ಡಬ್ಬಿಯಲ್ಲಿ ಒಬ್ಬ ಬೆಲ್ಲದ ವರ್ತಕ ಜೊತೆಯಾದ. ನನ್ನ ಪೂಜೆಯ ಗಂಟಿನಲ್ಲಿ ಗಂಧ ತೇಯುವ ಕೊರಡು ಇಣುಕುತ್ತಿದ್ದುದನ್ನು ನೋಡಿ ಅವನ ಮುಖ ಗಂಭೀರವಾಯಿತು. ಇದನ್ನು ಎಲ್ಲಿ ಕೊಂಡಿರಿ, ಸರ್ಕಾರದ ಅಂಗಡಿಯದೇ ಹೌದೋ, ಯಾರಾದರೂ ಕೇಳಿದರೆ ಏನು ಹೇಳುತ್ತೀರಿ ಎಂದು ಒಂದರ ಹಿಂದೆ ಒಂದು ಪ್ರಶ್ನೆ ಹಾಕಿದ. ನನಗೆ ಬೆವರು ಕಿತ್ತು ಬಂತು. ನಮ್ಮ ಅಜ್ಜನ ಕಾಲದ ಕೊರಡು, ತೇದು ತೇದು ಸವೆದು ಅಂಗೈಯಷ್ಟಾಗಿದೆ. ಅದನ್ನು ಪಂಚೆಯಲ್ಲಿ ಸುತ್ತಿ, ಕೆಳಗಿಟ್ಟುಕೊಂಡು, ಅದರ ಮೇಲೆ ಕುಳಿತು ಅಜ್ಜಂಪುರದ ತನಕ ಪ್ರಯಾಣ ಮಾಡಿದೆ. ಅಲ್ಲೇ ಇಳಿದ ವರ್ತಕ ನಕ್ಕ ರೀತಿ ನೋಡಿದರೆ ಅವನು ನನ್ನನ್ನು ಆಟ ಆಡಿಸಿದ್ದು ಸ್ಪಷ್ಟವಾಗಿತ್ತು. ಸಿಟ್ಟು ಬಂತು, ಆದರೆ ಸೊಂಟದ ನೋವು ಅದಕ್ಕಿಂತ ದೊಡ್ಡದಾಗಿತ್ತು.

ಅಜ್ಜಂಪುರ

ನಮ್ಮ ಕಡೆಯಂತೆಯೇ ಅಲ್ಲಿಯೂ ಒಂದಿಷ್ಟು ಎರೆನೆಲವಿದೆ, ಹತ್ತಿ ಬೆಳೆಯುತ್ತಾರೆ. ಅದನ್ನು ನೋಡಿ ಊರಿಗೇ ಬಂದಂತೆ ಹಿಗ್ಗಿದೆ. ಊಟಕ್ಕೆ ಕುಳಿತ ಮೇಲೆ ಹಿಗ್ಗು ಇಳಿಯಿತು. ರಾಗಿ ಮುದ್ದೆಯನ್ನು ನಾನು ಅಗಿಯಲು ಹೋಗಿ ಹಲ್ಲಿಗೆಲ್ಲ ಮೆತ್ತಿಕೊಂಡು ಒದ್ದಾಡುವುದನ್ನು ಕಂಡು ಭಾವ ಸಿದ್ದಪ್ಪ ಬಹಳ ಹೊತ್ತು ನಗು ತಡೆದುಕೊಂಡರು. ಅಕ್ಕ ಒಳಗೆ ಹೋಗಿ ನನಗೆಂದು ಎರಡು ಜೋಳದ ರೊಟ್ಟಿ ಬಡಿದು ತಂದಳು. ಅವಳನ್ನು ಅಲ್ಲಿ ಎಲ್ಲರೂ ಗಂಗಮ್ಮ ಎನ್ನುತ್ತಾರೆ. ನನ್ನ ಕಿವಿಗೆ ಅದು ಬೇರೆ ಯಾರದೋ ಹೆಸರಿನಂತೆ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಹೊಲಕ್ಕೆ ಹೋದೆವು. ದಾರಿಯಲ್ಲಿ ಭಾವ ಮಾತಾಡುತ್ತಲೇ ಒಂದು ಬೇಲಿಯ ಬಳಿ ಬಗ್ಗಿ, ಗೇಣುದ್ದದ ಸಸಿಯೊಂದನ್ನು ಕಿತ್ತು, ಬೇರಿನ ಮಣ್ಣು ಕೊಡವಿ ಆಚೆ ಎಸೆದರು. ಅದೇನು ಕಳೆ ಎಂದು ಕೇಳಿದೆ. ಗಂಧ ಎಂದರು. ನಾನು ನಿಂತುಬಿಟ್ಟೆ. ದೇವರಿಗೆ ಏರಿಸುವ ಗಂಧವನ್ನು ಮುಳ್ಳುಗಿಡದಂತೆ ಕೀಳುವ ಜನವನ್ನು ನಾನು ಕಂಡದ್ದು ಅದೇ ಮೊದಲು. ಭಾವ ಕಾರಣ ಹೇಳಿದರು. ಸಸಿ ಬೆಳೆದು ಮರವಾದರೆ ಸರ್ಕಾರದ್ದು. ಕಾಯಬೇಕಾದವನು ಹೊಲದವನು. ಕಳ್ಳರು ಕಡಿದರೆ ಉತ್ತರ ಹೇಳಬೇಕಾದವನೂ ಹೊಲದವನೇ. ಹಾಗಾಗಿ ಆ ಸೀಮೆಯ ರೈತರು ಎರಡೆಲೆ ಕಂಡೊಡನೆ ಕಿತ್ತು ಹಾಕುತ್ತಾರೆ. ಯಾರೂ ನೋಡದಿರುವಾಗ, ಮಾತಿನ ನಡುವೆ, ಮೂಗು ಒರೆಸಿಕೊಂಡಷ್ಟು ಸಲೀಸಾಗಿ. ತೆರಿಗೆಯ ಪುಸ್ತಕ ಬರೆದವರಿಗೆ ಇದು ಗೊತ್ತಿದೆಯೋ ಇಲ್ಲವೋ ಕಾಣೆ. ಯಾವ ವಸ್ತುವಿನಿಂದ ಬೊಕ್ಕಸ ತುಂಬುತ್ತದೆಯೋ ಅದನ್ನು ಹುಟ್ಟಿದಲ್ಲೇ ಚಿವುಟುವುದನ್ನು ಜನ ಕಲಿತುಬಿಟ್ಟಿದ್ದಾರೆ.

ಅಕ್ಕ ಮಾತ್ರ ಕೀಳಲಿಲ್ಲ. ದಿಬ್ಬದ ಮೇಲೆ ಸಸಿ ಎದ್ದಾಗ ಭಾವನ ಮನೆಯವರೆಲ್ಲ ಕಿತ್ತು ಹಾಕು ಎಂದರಂತೆ. ಅವಳು ಕೇಳಲಿಲ್ಲ. ಗಂಧ ಒಂಟಿಯಾಗಿ ಬದುಕುವುದಿಲ್ಲ, ಪಕ್ಕದ ಗಿಡದ ಬೇರಿನ ಆಸರೆ ಬೇಕು ಎಂದು ಯಾರೋ ಹೇಳಿದ್ದಕ್ಕೆ ಪಕ್ಕದಲ್ಲಿ ತೊಗರಿ ಹಾಕಿದಳು. ಬೇಸಿಗೆಯಲ್ಲಿ ಬಿಂದಿಗೆ ಹೊತ್ತಳು. ಮರ ಕೈ ತುಂಬುವಷ್ಟು ದಪ್ಪವಾದಾಗ ಕಳ್ಳರ ಹೆದರಿಕೆ ಶುರುವಾಯಿತು. ಸುತ್ತಲಿನ ಹಳ್ಳಿಗಳಲ್ಲಿ ಬೆಳಗಾಗುವುದರೊಳಗೆ ಮರಗಳು ಮಾಯವಾಗುತ್ತಿದ್ದವು. ಆಗ ಅವಳೇ ಫಾರೆಸ್ಟ್ ಗಾರ್ಡು ಹನುಮಯ್ಯನನ್ನು ಮನೆಗೆ ಕರೆದು, ಹೊಟ್ಟೆ ತುಂಬ ಉಣ್ಣಿಸಿ, ಮರಕ್ಕೆ ಸರ್ಕಾರದ ಮುದ್ರೆ ಹಾಕಪ್ಪ ಎಂದು ಕೇಳಿಕೊಂಡಳು. ಮಹಾರಾಜರ ಮುದ್ರೆ ಬಿದ್ದ ಮರವನ್ನು ಯಾವ ಕಳ್ಳನೂ ಮುಟ್ಟಲಾರ ಎಂಬುದು ಅವಳ ಲೆಕ್ಕ. ಇಡೀ ಹೋಬಳಿ ಮರ ಬಚ್ಚಿಡಲು ಹೆಣಗುತ್ತಿದ್ದಾಗ ಇವಳೊಬ್ಬಳು ಕರೆದು ತೋರಿಸಿದಳು. ಅವಳ ಲೆಕ್ಕ ತಪ್ಪಲಿಲ್ಲ. ಕಳ್ಳರು ನಿಜವಾಗಿಯೂ ಮುಟ್ಟಲಿಲ್ಲ.

ಮರ ಚೆನ್ನಾಗಿತ್ತು. ನನ್ನ ತೋಳಿನ ಅಪ್ಪುಗೆಗೆ ಸರಿಯಾಗಿ ಸಿಗುವಷ್ಟಿತ್ತು. ಆದರೆ ತುದಿಯ ಎಲೆಗಳು ಕಿರಿದಾಗಿ, ಮುಳ್ಳಿನಂತೆ ಸೆಟೆದು ನಿಂತಿದ್ದವು. ಆ ವರ್ಷಗಳಲ್ಲಿ ಮೈಸೂರಿನ ಗಂಧದ ಮರಗಳಿಗೆ ಒಂದು ರೋಗ ಬಿದ್ದಿತ್ತು. ರೋಗ ಕಂಡ ಮರವನ್ನು ತಡಮಾಡದೆ ಬುಡಸಮೇತ ತೆಗೆಯಬೇಕೆಂದು ಹುಕುಂ ಇತ್ತು. ಗಂಧವನ್ನು ಬೇರೆ ಮರಗಳಂತೆ ಕಡಿಯುವುದಿಲ್ಲ. ಎಣ್ಣೆ ಹೆಚ್ಚಾಗಿ ಇರುವುದೇ ಬೇರಿನಲ್ಲಿ, ಅದಕ್ಕೇ ನೆಲ ಅಗೆದು ಎಳೆ ಬೇರನ್ನೂ ಬಿಡದೆ ಎತ್ತುತ್ತಾರೆ.

ಅಕ್ಕ ಮರದ ಬುಡದಲ್ಲಿ ಕುಳಿತಳು. ಭಾವ ದೂರ ಹೋದ ಮೇಲೆ ತವರಿನ ಮಾತಿನಲ್ಲಿ ಹೇಳಿದಳು: "ಮರ ಒಯ್ಯಲಿ ತಮ್ಮಾ, ನಾ ಒಲ್ಲೆ ಅನ್ನೂದಿಲ್ಲ. ಆದ್ರ ನನ್ನ ಕೂಸಿನ ಮ್ಯಾಲೆ ಗುದ್ದಲಿ ಹಾಕೂದು ಬ್ಯಾಡ. ಅಷ್ಟು ಬಿಡಿಸಿ ಕೊಡು."

ಬಿಡಿಸಿ ಕೊಡುತ್ತೇನೆ ಎಂದೆ. ಆ ಹೊತ್ತಿಗೆ ನಂಬಿಕೆಯೂ ಇತ್ತು.

ತರೀಕೆರೆ

ತರೀಕೆರೆಗೆ ಹೋಗಲು ಬೀರೂರಿನಲ್ಲಿ ಗಾಡಿ ಬದಲಿಸಬೇಕು. ನಾನು ಬದಲಿಸಿದೆ, ಆದರೆ ಬೆಂಗಳೂರಿನ ಗಾಡಿಗೆ. ಹಮಾಲನೊಬ್ಬ ನನ್ನ ಗಂಟನ್ನು ಹೊರಗೆಳೆದು, ಗಂಟಿನ ಹಿಂದೆ ನನ್ನನ್ನೂ ಎಳೆದು, ಶಿವಮೊಗ್ಗದ ಕಡೆಯ ಗಾಡಿಗೆ ಹತ್ತಿಸಿದ. ಮೈಸೂರಿನವರು ಬಯ್ಯುವುದಿಲ್ಲ. ನಮ್ಮ ಹುಬ್ಬಳ್ಳಿ ಸ್ಟೇಷನ್ನಾಗಿದ್ದರೆ ಆ ತಪ್ಪಿಗೆ ನನ್ನ ಮೂರು ತಲೆಮಾರಿನ ಉದ್ಧಾರವಾಗುತ್ತಿತ್ತು. ಇಲ್ಲಿ ಅವನು, ಪರವಾಗಿಲ್ಲ ಸ್ವಾಮಿ, ನೋಡ್ಕೊಂಡು ಹೋಗಿ ಎಂದ.

ಈ ಮರ್ಯಾದೆಯೇ ನನ್ನನ್ನು ಕಚೇರಿಗಳಲ್ಲಿ ಸೋಲಿಸಿತು. ನಮ್ಮ ಮಾಮಲೇದಾರ ಕಚೇರಿಯಲ್ಲಿ ಆಗೂದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುತ್ತಾರೆ. ಹೊಡೆತ ತಿಂದವನಿಗೆ ಜಗಳವಾಡುವ ಸುಖವಾದರೂ ಸಿಗುತ್ತದೆ. ತರೀಕೆರೆಯ ಅಮಲ್ದಾರರ ಕಚೇರಿಯಲ್ಲಿ ಬನ್ನಿ ಎಂದರು, ಕೂತ್ಕೊಳ್ಳಿ ಎಂದರು, ಎಲ್ಲವನ್ನೂ ಕೇಳಿ ನೋಡೋಣ ಎಂದರು. ಆ ನೋಡೋಣ ಎಂಬ ಮಾತನ್ನು ನಂಬಿ ಸಂಜೆಯ ತನಕ ಜಗುಲಿಯಲ್ಲಿ ಕುಳಿತೆ. ಕೊನೆಗೆ ಬಾಗಿಲು ಹಾಕಲು ಬಂದ ಜವಾನ, ಇದು ಕಾಡಿನ ಇಲಾಖೆಯ ಕೆಲಸ, ಇಲ್ಲಿ ಆಗುವುದಿಲ್ಲ, ನಾಳೆ ಗಂಧದ ಕೋಠಿಗೆ ಹೋಗಿ ರೇಂಜರನ್ನು ನೋಡಿ ಎಂದ. ನನ್ನ ನಂಬಿಕೆಯ ಒಂದು ಕಾಲು ಅಲ್ಲೇ ಮುರಿಯಿತು.

ಕೋಠಿ ಎಂದರೆ ಸರ್ಕಾರದ ಗಂಧದ ಉಗ್ರಾಣ. ಅದರ ವಾಸನೆ ಬೀದಿಯ ತಿರುವಿನಲ್ಲೇ ಹಿಡಿಯಿತು. ದೇವರ ಮನೆಯ ವಾಸನೆ, ಆದರೆ ಮೂಗು ಕಟ್ಟುವಷ್ಟು. ಅಂಗಳದಲ್ಲಿ ಆಳುಗಳು ಕುಳಿತು ಬಿಳಿಯ ಭಾಗವನ್ನು ಕೆತ್ತಿ ಒಳಗಿನ ಕೆಂಪು ತಿರುಳನ್ನು ಬಿಡಿಸುತ್ತಿದ್ದರು. ಕಾಂಡದ ತುಂಡುಗಳು ಒಂದು ಕಡೆ, ಬೇರುಗಳು ಒಂದು ಕಡೆ, ಚಕ್ಕೆ ಒಂದು ಕಡೆ, ಗರಗಸದ ಹುಡಿಯೂ ಚೀಲದಲ್ಲಿ. ಒಂದು ಚಿಟಿಕೆ ಕೂಡ ನೆಲದ ಪಾಲಾಗುತ್ತಿರಲಿಲ್ಲ. ಬೇರುಗಳ ರಾಶಿಯನ್ನು ನಾನು ನೋಡಲಾರದೆ ನೋಡಿದೆ. ಮಣ್ಣು ಇನ್ನೂ ಅಂಟಿಕೊಂಡಿತ್ತು.

ರೇಂಜರ್ ನನ್ನದೇ ವಯಸ್ಸಿನ, ಕನ್ನಡಕದ ಮನುಷ್ಯ. ನಾನು ಶಾಲೆಯವನೆಂದು ತಿಳಿದು ಎದ್ದು ನಿಂತು ಕುರ್ಚಿ ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಅವರು ನಡುವೆ ಒಂದು ಮಾತೂ ಆಡದೆ ಕೇಳಿದರು. ಬೇರು ಬಿಟ್ಟರೆ ಇಂದು ಸಮಾಧಿ ಎನ್ನುತ್ತಾರೆ, ನಾಳೆ ಪ್ರತಿ ಹೊಲದಲ್ಲೂ ಒಂದು ಸಮಾಧಿ ಹುಟ್ಟುತ್ತದೆ ಎಂದರು. ಅದು ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು.

"ಮೇಷ್ಟ್ರೇ, ಮಳೆ ಕೈ ಕೊಟ್ಟ ವರ್ಷ ಕಂದಾಯ ಮಾಫಿ ಮಾಡಿ ಅಂತ ರೈತರು ಬತ್ತಾರೆ. ಮಾಡ್ತೀವಿ. ಊರಿಗೊಂದು ಸ್ಕೂಲ್ ಬೇಕು ಅಂತಾರೆ, ಆಸ್ಪತ್ರೆ ಬೇಕು ಅಂತಾರೆ. ಕೊಡ್ತೀವಿ. ಆ ದುಡ್ಡು ಎಲ್ಲಿಂದ ಬರ್ಬೇಕು, ನೀವೇ ಹೇಳಿ. ಜನರ ಮೇಲೆ ತೆರಿಗೆ ಏರಿಸೋ ಬದ್ಲು ಮರದಿಂದ ತಗೋತೀವಿ. ನೋವಾಗದ ಹಾಗೆ ತಗೊಳೋದು ಇದೊಂದೇ ದಾರಿ ಕಣ್ರೀ."

ಹೊಳೆಯ ಈಚೆ ನಮ್ಮ ಸೀಮೆಯಲ್ಲಿ ಶಾಲೆ ನಡೆಯುವುದು ಹೆಂಡದ ಗುತ್ತಿಗೆಯ ಹಣದಿಂದ ಎಂದು ಪತ್ರಿಕೆಗಳಲ್ಲಿ ಓದಿ ಓದಿ ನನಗೇ ನಾಚಿಕೆಯಾಗಿತ್ತು. ಹೆಂಡಕ್ಕಿಂತ ಗಂಧ ಮೇಲು ಎಂದು ಯಾರಾದರೂ ಒಪ್ಪಬೇಕು. ಆದರೂ ಹೊರಗೆ ಬಂದು ಮರದ ನೆರಳಿನಲ್ಲಿ ನಿಂತಾಗ ಎದೆ ಕುದಿಯುತ್ತಿತ್ತು. ಕಂದಾಯ ಎಂದರೆ ಊರಿಗೆ ಊರೇ ಕೊಡುತ್ತದೆ, ಅಷ್ಟಿಷ್ಟು ಹೊರೆ ಎಲ್ಲರ ಹೆಗಲಿಗೂ ಬೀಳುತ್ತದೆ. ಇದು ಹಾಗಲ್ಲ. ಹಕ್ಕಿ ಎಲ್ಲಿ ಕುಳಿತಿತೋ ಅಲ್ಲಿಂದ ತೆಗೆದುಕೊಳ್ಳುತ್ತಾರೆ. ಇಡೀ ತಾಲ್ಲೂಕಿಗೆ ನೋವಾಗದಿರಲಿ ಎಂದು ಒಬ್ಬ ಹೆಂಗಸಿನ ಮಗುವಿನ ಮೇಲೆ ಗುದ್ದಲಿ ಹಾಕುವುದು ಯಾವ ನ್ಯಾಯ?

ಕಡೂರು

ರೇಂಜರಿಗೂ ಮನಸ್ಸು ಕಚ್ಚಿರಬೇಕು. ಮೇಲಿನ ಸಾಹೇಬರು ಕಡೂರಿನ ಮುಸಾಫಿರ ಬಂಗಲೆಯಲ್ಲಿ ಮೊಕ್ಕಾಂ ಮಾಡಿದ್ದಾರೆ, ತಾಯಿಯನ್ನೇ ಕರೆದುಕೊಂಡು ಹೋಗಿ ಎಂದು ಅವರೇ ಹೇಳಿದ್ದರು. ಅಕ್ಕ ಮಡಿಕೆ ಮುರಿಯದ ಇಳಕಲ್ಲ ಸೀರೆ ಉಟ್ಟು ಹೊರಟಳು. ಸೀರೆ ನಾವೇ ಕೊಟ್ಟದ್ದು, ಉಡಲು ಇಂಥ ದಿನ ಬರಬಾರದಿತ್ತು. ರೈಲಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತ, ನೀಲಿ ಇದ್ದಿದ್ದರೆ ಈಗ ಅವಳ ಮಕ್ಕಳನ್ನೇ ರೈಲಿಗೆ ಹತ್ತಿಸಬಹುದಿತ್ತು ಎಂದು ಮಳೆ ಬಿಸಿಲಿನ ಮಾತಾಡುವಷ್ಟು ಸಹಜವಾಗಿ ಹೇಳಿದಳು.

ಕಡೂರಿನ ಬಿಸಿಲು ನಮ್ಮ ಬಿಸಿಲಿಗೆ ಅಣ್ಣ. ಬಂಗಲೆಯ ಹಜಾರದಲ್ಲಿ ನಮ್ಮಂತೆ ಕಾಯುತ್ತಿದ್ದವರು ಬಹಳ ಜನ. ಅವರ ಒಂದು ಅಭ್ಯಾಸ ನನಗೆ ವಿಚಿತ್ರವಾಗಿ ಕಂಡಿತು. ಸಾಹೇಬರ ಕೋಣೆಯಿಂದ ಹೊರಬಂದವನನ್ನು ಕೆಲಸ ಆಯಿತೇ ಎಂದು ಯಾರೂ ಕೇಳುತ್ತಿರಲಿಲ್ಲ. ಸಾಹೇಬರು ಚೆನ್ನಾಗಿ ಮಾತಾಡಿದರಾ ಎಂದು ಕೇಳುತ್ತಿದ್ದರು. ಚೆನ್ನಾಗಿ ಮಾತಾಡಿದರು ಎಂದರೆ ಎಲ್ಲರೂ ತೃಪ್ತಿಯಿಂದ ತಲೆಯಾಡಿಸುತ್ತಿದ್ದರು. ಇವರು ಯಾವಾಗಲೋ ಆಸೆ ಬಿಟ್ಟವರು ಎಂದು ನನಗೆ ಅನಿಸಿತು.

ಒಳಗೆ ಹೋದಾಗ ನಾನು ಸಿದ್ಧಮಾಡಿಕೊಂಡಿದ್ದ ಇಂಗ್ಲಿಷು ನಾಲಿಗೆಗೆ ಬರಲಿಲ್ಲ. ಅಕ್ಕನೇ ಕೈಮುಗಿದು ಮಾತಾಡಿದಳು.

"ಸ್ವಾಮಿ, ಮರ ನಿಮ್ದೇ. ಕಾಂಡ ತಗೊಂಡ್ಹೋಗಿ, ಕೊಂಬೆ ತಗೊಂಡ್ಹೋಗಿ. ಬೇರು ಒಂದು ಬಿಟ್ಬಿಡಿ. ಅದು ನನ್ ಮಗೀನ್ ಮೇಲದೆ."

ಸಾಹೇಬರು, ರೋಗದ ಬೇರನ್ನು ನೆಲದಲ್ಲಿ ಬಿಟ್ಟರೆ ಸುತ್ತಲಿನ ಮರಗಳೂ ಹೋಗುತ್ತವೆ, ಹುಕುಂ ಮೈಸೂರಿನಿಂದ ಬಂದದ್ದು, ಅದನ್ನು ಮುರಿಯಲು ತಮಗೂ ಅಧಿಕಾರವಿಲ್ಲ ಎಂದು ಮೆಲ್ಲಗೆ ಹೇಳಿದರು. ಮರ ಕಾಪಾಡಿದ್ದಕ್ಕೆ ಇನಾಮು ಬರುತ್ತದೆ ಎಂದರು. ಅಕ್ಕ ಬೇಡವೆಂದು ತಲೆಯಲ್ಲಾಡಿಸಿದಳು. ಅಗೆಯುವಾಗ ಏನಾದರೂ ಸಿಕ್ಕರೆ ನಿಮ್ಮ ಪದ್ಧತಿಯಂತೆ ಬೇರೆ ಕಡೆ ಮಣ್ಣು ಮಾಡಲು ಬಿಡುತ್ತಾರೆ, ಬೇರೇನಾದರೂ ಅನುಕೂಲ ಬೇಕಾ ತಾಯಿ ಎಂದು ಕೇಳಿದರು. ಅಕ್ಕ ಯೋಚಿಸಿ, ಸೋಮವಾರ ಅಗೆಯುವುದು ಬೇಡ ಎಂದಳು. ಅಂದು ನಮ್ಮವರು ಎತ್ತನ್ನೂ ಹೂಡುವುದಿಲ್ಲ, ಬಸವಣ್ಣನ ವಾರ. ಅದನ್ನು ಸಾಹೇಬರು ಒಡನೆಯೇ ಒಪ್ಪಿ ಬರೆಸಿದರು.

ಹೊರಗೆ ಬಂದಾಗ ಹಜಾರದ ಜನ, ಸಾಹೇಬರು ಚೆನ್ನಾಗಿ ಮಾತಾಡಿದರಾ ಎಂದು ಕೇಳಿದರು. ಹೌದು ಎಂದೆ. ಸುಳ್ಳು ಹೇಳಲು ಆಗಲಿಲ್ಲ. ಎರಡು ಕಚೇರಿ, ಒಂದು ಬಂಗಲೆ ಸುತ್ತಿ, ಅಕ್ಕನ ಕೈಮುಗಿಸಿ, ನಾವು ಗೆದ್ದು ತಂದದ್ದು ಸೋಮವಾರ ಒಂದೇ. ಬರುವಾಗ ಗಾಡಿಯಲ್ಲಿ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಹೊಲದ ಮೂಲೆ

ಮಂಗಳವಾರ ಬಂದರು. ನಾಲ್ಕಾರು ಆಳುಗಳು, ಹಾರೆ, ಗುದ್ದಲಿ, ಗರಗಸ, ಗೋಣಿಚೀಲ, ಒಂದು ಎತ್ತಿನ ಗಾಡಿ. ಮುಂದೆ ಹನುಮಯ್ಯ. ಅಕ್ಕನ ಮನೆಯಲ್ಲಿ ಎಷ್ಟೋ ಸಲ ಉಂಡವನು, ಅಂದು ಮಜ್ಜಿಗೆ ಕೊಟ್ಟರೂ ಮುಟ್ಟಲಿಲ್ಲ. ಮಠದ ಅಯ್ಯನವರು ಬಂದು ನೀರು ಚಿಮುಕಿಸಿ ವಿಭೂತಿ ಇಟ್ಟರು. ಭಾವ ಬೇಲಿಯ ಆಚೆ ಬೆನ್ನು ತಿರುಗಿಸಿ ನಿಂತರು. ಅಕ್ಕ ಮಾತ್ರ ದಿಬ್ಬದ ಪಕ್ಕದಲ್ಲೇ ಕುಳಿತಳು, ಎದ್ದೇಳು ಎಂದರೆ ಏಳಲಿಲ್ಲ. ಅವಳ ತೊಡೆಯ ಮೇಲೆ ಹೊಸ ಬಿಳಿ ಬಟ್ಟೆಯೊಂದು ಮಡಿಸಿಟ್ಟಿತ್ತು, ಸಿಕ್ಕಿದ್ದನ್ನು ಸುತ್ತಿಡಲು.

ಬಹಳ ಮೆಲ್ಲಗೆ ಅಗೆದರು. ಹನುಮಯ್ಯ ಪ್ರತಿ ಏಟಿಗೂ ನಿಧಾನ, ನಿಧಾನ ಎನ್ನುತ್ತಿದ್ದ. ಬೇರು ನಾವು ಎಣಿಸಿದ್ದಕ್ಕಿಂತ ಆಳಕ್ಕೆ ಹೋಗಿತ್ತು. ಮಣ್ಣನ್ನು ಕೈಯಿಂದ ತೆಗೆದು, ಹಿಡಿ ಹಿಡಿಯಾಗಿ ಪುಡಿ ಮಾಡಿ ನೋಡಿದರು. ಏನೂ ಸಿಗಲಿಲ್ಲ. ಎಲುಬಿನ ಚೂರಿಲ್ಲ, ಕೈಬಳೆಯಿಲ್ಲ, ಕೊರಳಿಗೆ ಕಟ್ಟಿದ್ದ ಲಿಂಗವನ್ನೂ ಬೇರು ಎತ್ತ ತಳ್ಳಿತ್ತೋ ಕಾಣಲಿಲ್ಲ. ಇಷ್ಟು ವರ್ಷದ ನೀರು, ಬೇರು, ಗೆದ್ದಲು ಎಲ್ಲವೂ ಸೇರಿ ಆ ಎಳೆಯ ಮೈಯನ್ನು ಒಂದು ಗುರುತೂ ಉಳಿಯದಂತೆ ಮುಗಿಸಿದ್ದವು. ಗುಂಡಿಯಿಂದ ಮೇಲೆದ್ದದ್ದು ಗಂಧದ ವಾಸನೆ ಒಂದೇ. ಅಂದಿನಿಂದ ನಾನು ಹಣೆಗೆ ಗಂಧ ಇಟ್ಟಿಲ್ಲ.

ಮಧ್ಯಾಹ್ನ ಮರ ಉರುಳಿತು. ಕೊಂಬೆ ಸವರಿ, ಕಾಂಡ ತುಂಡು ಮಾಡಿ, ಬೇರುಗಳನ್ನು ಕಟ್ಟಿ ಗಾಡಿಗೆ ಹೇರಿದರು. ಗರಗಸದ ಕೆಳಗೆ ಹಾಸಿದ್ದ ಗೋಣಿಯನ್ನು ಕೊಡವಿ ಹುಡಿಯನ್ನು ಚೀಲಕ್ಕೆ ತುಂಬಿದರು. ಗುಂಡಿಯ ಸುತ್ತ ಚೆದುರಿದ ಚಕ್ಕೆಗಳನ್ನು ಆಳುಗಳು ಕಾಳು ಹೆಕ್ಕಿದಂತೆ ಹೆಕ್ಕಿದರು. ಕೋಠಿಯಲ್ಲಿ ಎಲ್ಲವನ್ನೂ ತೂಗಿ ಒಪ್ಪಿಸಬೇಕು, ಕಡಿಮೆ ಬಂದರೆ ಹನುಮಯ್ಯನ ಕೆಲಸಕ್ಕೆ ಕುತ್ತು.

ಅಕ್ಕ ಎದ್ದು ಗುಂಡಿಗೆ ಇಳಿದಳು. ತಳದಿಂದ ಎರಡು ಬೊಗಸೆ ಮಣ್ಣು ತೆಗೆದು ಸೆರಗಿಗೆ ಹಾಕಿಕೊಂಡು ಮೇಲೆ ಬಂದಳು. ಬಿಳಿ ಬಟ್ಟೆ ಅಲ್ಲೇ ಬಿದ್ದಿತ್ತು. ಹನುಮಯ್ಯ ದಾರಿಗೆ ಅಡ್ಡ ನಿಂತ. ಅವನ ಹಿಂದೆ ಆಳುಗಳು ನೋಡುತ್ತಿದ್ದರು. ಅವನು ನೆಲ ನೋಡುತ್ತ, ಸೆರಗು ಬಿಚ್ಚಿ ತೋರಿಸಬೇಕೆಂದ. ಮಣ್ಣಿನಲ್ಲಿ ಬೇರಿನ ಚೂರುಗಳಿದ್ದವು, ಉಗುರಿನಷ್ಟು ದೊಡ್ಡವು. ನಾನು ಅವನ ಮೈಮೇಲೆ ಹೋಗುವವನೇ ಇದ್ದೆ. ಅಕ್ಕ ಕಣ್ಣಿನಲ್ಲೇ ತಡೆದು, ಸೆರಗನ್ನು ಎರಡು ಕೈಯಿಂದ ಬಿಡಿಸಿ ಅವನ ಮುಂದೆ ಹಿಡಿದಳು.

ಹನುಮಯ್ಯ ಮಂಡಿಯೂರಿ ಕುಳಿತು ಒಂದೊಂದೇ ಚೂರು ಆರಿಸತೊಡಗಿದ.

"ಮಣ್ಣು ನಿಮ್ದು ಕಣಮ್ಮಾ," ಎಂದ. "ಚೂರು ಮಾತ್ರ ಸರ್ಕಾರದ್ದು."

"ಸರಿ ಕಣಪ್ಪಾ," ಎಂದಳು ಅಕ್ಕ. "ಇದ್ರಲ್ಲಿ ನನ್ ಮಗು ಯಾವ್ದು, ಅದನ್ನೂ ನೋಡಿ ಹೇಳ್ಬಿಡು. ಅದು ಮಣ್ಣಿನ ಕಡೀಗೋ, ಚೂರಿನ ಕಡೀಗೋ?"

ಅವನ ಕೈ ನಿಂತಿತು. ಹೊತ್ತು ಇಳಿಯುವುದರೊಳಗೆ ಗಾಡಿ ತರೀಕೆರೆಯ ದಾರಿ ಹಿಡಿಯಬೇಕಿತ್ತು. ಅವನು ಮತ್ತೆ ಆರಿಸತೊಡಗಿದ, ಅಕ್ಕ ಸೆರಗು ಹಿಡಿದುಕೊಂಡೇ ನಿಂತಿದ್ದಳು.